22 ವರ್ಷದಿಂದ ಉಳುತ್ತಿರುವ ಅಪ್ಪನ ಹೆಸರು ಪಹಣಿಯಲ್ಲಿ ಇಲ್ಲ. ಕಾನೂನಿನಲ್ಲಿ ನಮಗೆ ದಾರಿ ಇದೆಯಾ?

ಮದ್ದೂರಿನ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅವ್ವ ಮದ್ದೂರು ತಾಲ್ಲೂಕಿನ ಊರಲ್ಲೇ ಇದ್ದಾರೆ. ನಮಗೆ ಮನೆ ಬಿಟ್ಟರೆ ಸ್ವಂತ ಜಮೀನು ಇಲ್ಲ. ಅಪ್ಪ ಒಂದೂವರೆ ಎಕರೆ ನಾಲೆ ಬಯಲಿನ ಗದ್ದೆಯನ್ನು ಗುತ್ತಿಗೆಗೆ ಮಾಡುತ್ತಾರೆ, ಒಂದು ಎಕರೆ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಅರ್ಧ ಪಾಲಿಗೆ. 22 ವರ್ಷ ಆಯಿತು. ಆ ಗದ್ದೆಯ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನಲ್ಲಿ ಏಡಿ ತೂತು ಮಾಡುತ್ತದೆ ಅಂತ ಅಪ್ಪನಿಗೆ ಗೊತ್ತು, ಜಮೀನಿನ ಯಜಮಾನರಿಗೆ ಗೊತ್ತಿಲ್ಲ. ಅವರು ಒಳ್ಳೆಯವರೇ. ಬೆಂಗಳೂರಿನಲ್ಲಿದ್ದಾರೆ, ಯುಗಾದಿಗೆ ಬಂದು ಹೋಗುತ್ತಾರೆ.

2024-25ರಲ್ಲಿ ಸರ್ಕಾರ ರಾಗಿಗೆ ಕ್ವಿಂಟಾಲ್‌ಗೆ 4,290 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು. ಆ ವರ್ಷ ನಮ್ಮ ಹೊಲದಲ್ಲಿ ಹತ್ತು ಕ್ವಿಂಟಾಲ್ ಬಂದಿತ್ತು. ವಾರದ ಲೆಕ್ಕದಲ್ಲಿ ಅರ್ಧ ನಮ್ಮದು. ಅಪ್ಪ ಹೆಸರು ಬರೆಸಲು ಖರೀದಿ ಕೇಂದ್ರಕ್ಕೆ ಹೋದರು. ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿ ಸಂಖ್ಯೆ ಕೇಳಿದರು. ಫ್ರೂಟ್ಸ್ ಐಡಿಗೆ ಪಹಣಿ (ಜಮೀನು ಯಾರದು, ಉಳುವವರು ಯಾರು ಅನ್ನುವ ದಾಖಲೆ) ಬೇಕು. ಪಹಣಿ ಯಜಮಾನರ ಹೆಸರಲ್ಲಿದೆ. ಅಪ್ಪ ವಾಪಸ್ ಬಂದು ವ್ಯಾಪಾರಿಗೆ 3,300ಕ್ಕೆ ಕೊಟ್ಟರು. ಐದು ಕ್ವಿಂಟಾಲ್‌ಗೆ ಹತ್ತಿರ ಹತ್ತಿರ ಐದು ಸಾವಿರ ಹೋಯಿತು. ನಮ್ಮ ಮನೆಗೆ ಅದು ಎರಡು ತಿಂಗಳ ಖರ್ಚು.

ನನಗೆ ಹೊಟ್ಟೆ ಉರಿದದ್ದು ಇನ್ನೊಂದು ವಿಚಾರಕ್ಕೆ. ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಂಡ ರಾಗಿಯೇ ನಮ್ಮ ಕಡೆಯ ನ್ಯಾಯಬೆಲೆ ಅಂಗಡಿಗೆ ಬರುತ್ತದೆ. ಅವ್ವ ಕಾರ್ಡು ಹಿಡಿದು ಅದನ್ನು ತರುತ್ತಾರೆ. ಅಂದರೆ ಬಡವರು ಎಂದು ನಮಗೆ ರಾಗಿ ಕೊಡಲು ಕಾನೂನು ಇದೆ. ರೈತರು ಎಂದು ನಮ್ಮಿಂದ ರಾಗಿ ಕೊಳ್ಳಲು ಇಲ್ಲ.

ಇನ್ನು ಮಣ್ಣಿನ ವಿಚಾರ. ಗುತ್ತಿಗೆ ಬರೀ ಬಾಯಿ ಮಾತು, ಯುಗಾದಿಯಿಂದ ಯುಗಾದಿಗೆ. ಮುಂದಿನ ವರ್ಷ ಆ ಗದ್ದೆ ನಮ್ಮ ಕೈಲಿ ಇರುತ್ತದೋ ಇಲ್ಲವೋ ಅಂತ ಅಪ್ಪನಿಗೆ ಪ್ರತಿ ವರ್ಷ ಭಯ. ಹಾಗಾಗಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕಿ ಉಳುವುದು, ನಾಲ್ಕು ಗಾಡಿ ಕೊಟ್ಟಿಗೆ ಗೊಬ್ಬರ ಹೊಡೆಯುವುದು, ಬದುವಿನ ಮೇಲೆ ಹೊಂಗೆ ನೆಡುವುದು, ಯಾವುದನ್ನೂ ಹನ್ನೆರಡು ವರ್ಷದಿಂದ ಮಾಡಿಲ್ಲ. ಇವುಗಳ ಫಲ ಬರುವುದು ಎರಡನೇ ವರ್ಷ, ಮೂರನೇ ವರ್ಷ. ಯೂರಿಯಾ ಫಲ ಅದೇ ವರ್ಷ ಕಾಣುತ್ತದೆ. ಅದಕ್ಕೇ ಯೂರಿಯಾ. ಗದ್ದೆಯ ಒಂದು ಮೂಲೆ ಆಗಲೇ ಚೌಳು ಹಿಡಿದಿದೆ.

2015ರಲ್ಲಿ ವಿಶ್ವಸಂಸ್ಥೆಯಲ್ಲಿ 193 ದೇಶಗಳು ಒಪ್ಪಿದ 17 ಗುರಿಗಳಲ್ಲಿ ಮೊದಲನೆಯದು ಬಡತನ ಇಲ್ಲದಿರುವುದು, ಎರಡನೆಯದು ಹಸಿವು ಇಲ್ಲದಿರುವುದು. 2030ರ ಒಳಗೆ. ಆ ಎರಡನೇ ಗುರಿಯಲ್ಲೇ ಮಣ್ಣನ್ನು ಉಳಿಸಿಕೊಳ್ಳುವ ಬೇಸಾಯ ಎಂಬ ಮಾತೂ ಇದೆ. ಓದಿದಾಗ ನನಗೆ ಅನ್ನಿಸಿದ್ದು, ನಮ್ಮ ಅಪ್ಪನ ಗದ್ದೆಯಲ್ಲಿ ಬಡತನ, ಹಸಿವು, ಮಣ್ಣು ಮೂರೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಆ ಗಂಟು ಹಾಕಿರುವುದು ಕಾನೂನು.

ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದೇ ತಪ್ಪಂತೆ, ಹೌದಾ? ಹೌದು ಅಂದರೆ ಅಪ್ಪ 22 ವರ್ಷದಿಂದ ಮಾಡಿದ್ದು ಏನು? ತಿಳಿದವರು ಹೇಳಿ.

ಕಂದಾಯ ನಿವೃತ್ತ

ಮಗು, ನಿನ್ನ ಬರಹ ಓದಿ ಮನಸ್ಸು ಭಾರವಾಯಿತು. ನಾನು 34 ವರ್ಷ ಕಂದಾಯ ಇಲಾಖೆಯಲ್ಲಿದ್ದವನು, ಹೆಚ್ಚು ಕಾಲ ಮಂಡ್ಯ ಜಿಲ್ಲೆಯಲ್ಲೇ. ಗೊತ್ತಿರುವುದನ್ನು ಹೇಳುತ್ತೇನೆ.

ಹೌದು. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಎಷ್ಟೇ ಅವಧಿಗಾದರೂ ಗೇಣಿಗೆ, ಅಂದರೆ ಗುತ್ತಿಗೆಗೆ ಕೊಡುವಂತಿಲ್ಲ. ಸೈನಿಕರು, ಹಡಗಿನ ಕೆಲಸದವರು ಕೊಡಬಹುದು. ಅವರು ಊರಲ್ಲಿ ಇರಲು ಆಗುವುದಿಲ್ಲ ಎಂಬ ಕಾರಣಕ್ಕೆ ಆ ವಿನಾಯಿತಿ.

ಆದರೆ ಈ ಕಾಯ್ದೆಯನ್ನು ಬೈಯುವ ಮೊದಲು ಅದು ಯಾಕೆ ಬಂತು ಅಂತ ತಿಳಿಯಬೇಕು. ನಮ್ಮ ಅಪ್ಪನೂ ಗೇಣಿದಾರರೇ. ಸುಗ್ಗಿಯಲ್ಲಿ ಒಡೆಯರ ಕಡೆಯವರು ಬಂದು ಕಣದಲ್ಲೇ ಭತ್ತ ಅಳೆದುಕೊಂಡು ಹೋಗುತ್ತಿದ್ದರು. ಉಳಿದದ್ದು ನಮಗೆ. ಕೆಲವು ವರ್ಷ ಉಳಿಯುತ್ತಲೇ ಇರಲಿಲ್ಲ. ಆಗ ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ. 1974ರ ತಿದ್ದುಪಡಿ ಬಂತು. ಆ ವರ್ಷದ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಅರ್ಜಿ ಹಾಕಿದರೆ ಅವರಿಗೆ ಕೊಡುವುದು. ಆ ಅರ್ಜಿಯೇ ಫಾರಂ 7. ಕೊನೆಗೆ 1979ರ ಜೂನ್ 30ರವರೆಗೆ ಗಡುವು ಕೊಟ್ಟರು. ತಾಲ್ಲೂಕಿನ ಭೂ ನ್ಯಾಯಮಂಡಳಿ ಮುಂದೆ ಅಪ್ಪ ನಿಂತಾಗ ನಾನು ಜೊತೆಯಲ್ಲಿದ್ದೆ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಎಂದು ಅಪ್ಪನ ಹೆಸರು ಇತ್ತು. ಆ ಒಂದು ಸಾಲಿನಿಂದ ನಮಗೆ ಎರಡು ಎಕರೆ ಸಿಕ್ಕಿತು. ನಾನು ಓದಿದ್ದು, ತಂಗಿಯರ ಮದುವೆ, ಎಲ್ಲವೂ ಆ ಎರಡು ಎಕರೆಯಿಂದ.

ಮತ್ತೆ ಯಾರೂ ಗೇಣಿದಾರರಾಗಬಾರದು ಅಂತಲೇ ಗೇಣಿಯನ್ನು ನಿಷೇಧ ಮಾಡಿದ್ದು. ಅದರ ಹಿಂದೆ ಒಳ್ಳೆಯ ಮನಸ್ಸು ಇತ್ತು. ಆದರೆ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮಾಯವಾಯಿತು. ನಾನು ಸರ್ವಿಸ್‌ನಲ್ಲಿದ್ದಾಗ ಯಾವ ಊರಿಗೆ ಹೋದರೂ ಬೇರೆಯವರ ಜಮೀನು ಮಾಡುವವರು ಇದ್ದೇ ಇರುತ್ತಿದ್ದರು. 12ನೇ ಕಾಲಂನಲ್ಲಿ ಮಾತ್ರ 'ಸ್ವಂತ' ಎಂದೇ ಬರೆಯುತ್ತಿದ್ದೆವು. ನಾನೂ ಬರೆದಿದ್ದೇನೆ. ಬೇರೆ ಏನು ಬರೆದರೂ ಯಜಮಾನರು ಮಾರನೇ ದಿನವೇ ಆ ಬಡವನನ್ನು ಜಮೀನಿನಿಂದ ಬಿಡಿಸುತ್ತಿದ್ದರು.

ವಿಜಯನಗರ ನಿವಾಸಿ

ನಾನು ಎದುರು ಕಡೆಯವನು. ಬೈಸಿಕೊಳ್ಳುತ್ತೇನೇನೋ, ಆದರೂ ಇದ್ದದ್ದು ಹೇಳುತ್ತೇನೆ.

ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ತಂದೆಯವರಿಂದ ಬಂದ ಎರಡು ಎಕರೆ ಇದೆ. ನಾನು ಮೈಸೂರಿನಲ್ಲಿ ನೌಕರಿಯಲ್ಲಿದ್ದೇನೆ, ಉಳಲು ಬರುವುದಿಲ್ಲ. ಏಳು ವರ್ಷದಿಂದ ಜಮೀನು ಬೀಳು ಬಿದ್ದಿದೆ. ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ಊರಿನ ಮೂರು ಜನ ಬಂದು ಕೇಳಿದರು, ಕೊಡಲಿಲ್ಲ. ನಮ್ಮ ಅಜ್ಜನ ನಾಲ್ಕು ಎಕರೆ ಅರಸು ಕಾಲದಲ್ಲಿ ಹೋಯಿತು. ಅಜ್ಜ ದೊಡ್ಡ ಜಮೀನ್ದಾರರೇನಲ್ಲ, ಶಾಲೆ ಮೇಷ್ಟ್ರು. ಅಜ್ಜಿ ಸಾಯುವವರೆಗೂ ಆ ಗದ್ದೆ ಹೆಸರು ಹೇಳಿ ಅಳುತ್ತಿದ್ದರು. ನಿಮ್ಮ ಎರಡು ಎಕರೆ ಎಷ್ಟು ನಿಜವೋ ನಮ್ಮ ಅಜ್ಜಿಯ ಕಣ್ಣೀರೂ ಅಷ್ಟೇ ನಿಜ, ಅಲ್ವಾ?

ಕೊಟ್ಟ ಜಮೀನು ವಾಪಸ್ ಬರುತ್ತದೆ ಎಂದು ಕಾನೂನು ನನಗೆ ಗ್ಯಾರಂಟಿ ಕೊಡಲಿ. ನಾಳೆಯೇ ಕೊಡುತ್ತೇನೆ. ಗುತ್ತಿಗೆ ಹಣವೂ ಬೇಡ, ಬೆಳೆದು ಊಟ ಮಾಡಲಿ.

ಕಂದಾಯ ನಿವೃತ್ತ

ಸ್ವಾಮಿ, ನಿಮ್ಮನ್ನು ಯಾಕೆ ಬೈಯಲಿ? ನಿಮ್ಮ ಅಜ್ಜನಂಥ ಸಣ್ಣ ಹಿಡುವಳಿದಾರರಿಗೂ ನೋವಾದದ್ದು ಸುಳ್ಳಲ್ಲ. ಆದರೆ ಒಂದು ಮಾತು. ಫಾರಂ 7ರ ಹಕ್ಕು 1974ರ ಮಾರ್ಚ್ 1ಕ್ಕೆ ಮುಂಚಿನ ಗೇಣಿಗೆ ಮಾತ್ರ. ಇವತ್ತು ನೀವು ಯಾರಿಗಾದರೂ ಬೇಸಾಯಕ್ಕೆ ಕೊಟ್ಟರೆ ಅವರು ಆ ಹಕ್ಕನ್ನು ಕೇಳಲು ಬರುವುದಿಲ್ಲ. ಐವತ್ತು ವರ್ಷದ ಹಿಂದಿನ ಭಯ ಇನ್ನೂ ಜಮೀನನ್ನು ಬೀಳು ಕೆಡವುತ್ತಿದೆ.

ವಿಜಯನಗರ ನಿವಾಸಿ

ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಒಬ್ಬ ವಕೀಲರ ಹತ್ತಿರವೂ ಕೇಳುತ್ತೇನೆ.

ಕಾನೂನು ವಿದ್ಯಾರ್ಥಿನಿ, ಮೈಸೂರು

ಮದ್ದೂರಿನ ಅಣ್ಣನಿಗೆ ನನ್ನ ಕಡೆಯಿಂದ ಸ್ವಲ್ಪ ಉಪಯೋಗದ ಮಾಹಿತಿ.

ಮೊದಲು ಸಾಲ. ರಿಸರ್ವ್ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮದಲ್ಲಿ ಗೇಣಿದಾರರು, ಬಾಯಿ ಮಾತಿನ ಗುತ್ತಿಗೆದಾರರು, ಪಾಲಿಗೆ ಮಾಡುವವರು ಎಲ್ಲರೂ ಅರ್ಹರು ಅಂತ ಬರೆದೇ ಇದೆ. ಅಂದರೆ ಕೇಂದ್ರದ ನಿಯಮಕ್ಕೆ ನಿಮ್ಮ ಅಪ್ಪ ರೈತ, ರಾಜ್ಯದ ಕಾಯ್ದೆಗೆ ಅವರು ಇಲ್ಲವೇ ಇಲ್ಲ. ಬ್ಯಾಂಕಿನವರು ಮಧ್ಯದಲ್ಲಿ ಪಹಣಿ ಕೇಳಿ ಕೈ ತೊಳೆದುಕೊಳ್ಳುತ್ತಾರೆ. ಬೆಳೆ ವಿಮೆಯ ಕಥೆಯೂ ಇದೇ. ಯೋಜನೆಯಲ್ಲಿ ಗೇಣಿದಾರರಿಗೂ ಜಾಗ ಇದೆ, ಆದರೆ ಗುತ್ತಿಗೆಯ ಕಾಗದ ತೋರಿಸಬೇಕು. ಆ ಕಾಗದ ಮಾಡುವುದನ್ನೇ ನಮ್ಮ ರಾಜ್ಯ ಒಪ್ಪುವುದಿಲ್ಲ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಯಂತೂ ಜಮೀನು ಹೆಸರಲ್ಲಿರುವ ಕುಟುಂಬಕ್ಕೆ ಮಾತ್ರ.

ಒಂದು ದಾರಿ ಇದೆ. ಜಂಟಿ ಬಾಧ್ಯತಾ ಗುಂಪು. ಒಂದೇ ಊರಿನ ನಾಲ್ಕರಿಂದ ಹತ್ತು ಜನ ಸೇರಿ ಗುಂಪು ಮಾಡಿಕೊಂಡರೆ ಒಬ್ಬರಿಗೊಬ್ಬರು ಜವಾಬ್ದಾರರಾಗಿ ಬ್ಯಾಂಕಿನಿಂದ ಬೆಳೆ ಸಾಲ ಕೇಳಬಹುದು. ಜಮೀನು ಅಡ ಇಡಬೇಕಿಲ್ಲ. ಕೃಷಿ, ಹಳ್ಳಿ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಇಂಥ ಗುಂಪುಗಳಿಗೆ ಬೆಂಬಲ ಕೊಡುತ್ತದೆ. ಕೇರಳದಲ್ಲೂ ನಮ್ಮ ಹಾಗೆ ಗೇಣಿ ನಿಷೇಧ ಇದೆ, ಆದರೂ ಅಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಇದೇ ತರಹದ ಗುಂಪು ಕಟ್ಟಿಕೊಂಡು ಬೀಳು ಗದ್ದೆಗಳಲ್ಲಿ ಭತ್ತ, ತರಕಾರಿ ಬೆಳೆಯುತ್ತಿದ್ದಾರೆ.

ಆಂಧ್ರಪ್ರದೇಶವನ್ನೂ ನೋಡಬೇಕು. 2011ರಲ್ಲಿ ಅವರು ಒಂದು ಕಾಯ್ದೆ ತಂದರು. ಊರಿನಲ್ಲಿ ವಿಚಾರಿಸಿ, ನಿಜವಾಗಿ ಉಳುವವರಿಗೆ ಸಾಲ ಅರ್ಹತಾ ಕಾರ್ಡು. ಜಮೀನಿನ ಯಜಮಾನರ ಸಹಿ ಬೇಕಿರಲಿಲ್ಲ. 2019ರಲ್ಲಿ ಅದನ್ನು ತೆಗೆದು ಹೊಸ ಕಾಯ್ದೆ ತಂದರು. ಅದರಲ್ಲಿ 11 ತಿಂಗಳ ಕಾರ್ಡು, ಆದರೆ ಯಜಮಾನರ ಸಹಿ ಬೇಕು. ಸಹಿ ಹಾಕಿದರೂ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಹಾಗಿದ್ದರೂ ಸಹಿ ಹಾಕಲು ಹೆದರುವವರೇ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ 2011ರದ್ದೇ ಸರಿ. ಉಳುವವರು ಯಾರು ಅಂತ ಊರಿಗೆ ಗೊತ್ತಿರುತ್ತದೆ. ಅದಕ್ಕೆ ಸಹಿ ಯಾಕೆ?

ಹಸಿರು ಶಾಲು

ತಂಗಿ, ಚೆನ್ನಾಗಿ ಬರೆದಿದ್ದೀಯ. ಆದರೆ ನಾನು ಒಂದು ಎಚ್ಚರಿಕೆ ಹೇಳಲೇಬೇಕು. ರೈತ ಚಳವಳಿಯಲ್ಲಿ ಮೂವತ್ತು ವರ್ಷ ಇದ್ದವನು ನಾನು.

ಗೇಣಿಯ ಮೇಲಿನ ನಿಷೇಧ ತೆಗೆಯಿರಿ ಅನ್ನುವ ಕೂಗು ಬರೀ ಮದ್ದೂರಿನ ಅಪ್ಪನಂಥವರದ್ದಲ್ಲ. 2016ರಲ್ಲಿ ಕೇಂದ್ರ ಸರ್ಕಾರದ ನೀತಿ ಆಯೋಗ ಒಂದು ಮಾದರಿ ಗುತ್ತಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ಬಾಗಿಲು ತೆರೆದರೆ ಮೊದಲು ಒಳಗೆ ನುಗ್ಗುವುದು ಯಾರು? ನೂರು ಎಕರೆ ಒಟ್ಟಿಗೆ ಗುತ್ತಿಗೆ ಹಿಡಿಯುವ ಶಕ್ತಿ ಇರುವವರು. ಎಕರೆಗೆ ಇಪ್ಪತ್ತು ಸಾವಿರ ಕೊಡಲು ನಿಮ್ಮ ಅಪ್ಪ ಕಷ್ಟಪಡುವಾಗ ಅವರು ನಲವತ್ತು ಕೊಡುತ್ತಾರೆ. ಆಮೇಲೆ ನಿಮ್ಮ ಅಪ್ಪ ಅದೇ ಗದ್ದೆಯಲ್ಲಿ ಕೂಲಿ.

2020ರಲ್ಲಿ ಏನಾಯಿತು ನೋಡಿ. ಇದೇ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ಕೃಷಿ ಮಾಡದವರು, ದೊಡ್ಡ ಆದಾಯ ಇರುವವರು ಕೃಷಿ ಜಮೀನು ಕೊಳ್ಳಬಾರದು ಅನ್ನುವ ತಡೆ ಹೋಯಿತು. ಎಕ್ಸ್‌ಪ್ರೆಸ್ ಹೆದ್ದಾರಿಯ ಅಕ್ಕಪಕ್ಕ ಓಡಾಡಿ ಬನ್ನಿ. ನಾಲೆ ನೀರು ಹರಿಯುವ ಗದ್ದೆಗೆ ಕಲ್ಲುಕಂಬ, ತಂತಿಬೇಲಿ. ಒಳಗೆ ಬೆಳೆ ಇಲ್ಲ. ಅದರಲ್ಲಿ ವಾರಕ್ಕೆ ಮಾಡುತ್ತಿದ್ದವರು ಎಲ್ಲಿ ಹೋದರು ಅಂತ ಯಾವ ಕಚೇರಿಯಲ್ಲೂ ಲೆಕ್ಕ ಇಲ್ಲ, ಯಾಕೆಂದರೆ ಅವರು ಅಲ್ಲಿ ಇದ್ದರು ಅನ್ನುವುದಕ್ಕೇ ದಾಖಲೆ ಇಲ್ಲ. ಉಳ್ಳವರು ಕೊಳ್ಳಲು ಕಾನೂನು ಬದಲಾಯಿತು. ಕಾಫಿ ಕಡೆ ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ, 30 ವರ್ಷದವರೆಗೆ ಗುತ್ತಿಗೆ ಕೊಡಲು ಕಂದಾಯ ಕಾಯ್ದೆಗೂ ತಿದ್ದುಪಡಿ ಆಯಿತು. ಒಂದೂವರೆ ಎಕರೆ ಉಳುವವರಿಗೆ ಹನ್ನೊಂದು ತಿಂಗಳ ಚೀಟಿ ಕೊಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ನಿಷೇಧ ಪೂರ್ತಿ ತೆಗೆಯಬೇಡಿ. ಸಣ್ಣ ರೈತರಿಗೆ, ಭೂಮಿ ಇಲ್ಲದವರಿಗೆ ಮಾತ್ರ, ಇಷ್ಟು ಎಕರೆ ಮೀರಬಾರದು ಅಂತ ಮಿತಿ ಹಾಕಿ ಅವಕಾಶ ಕೊಡಿ. ಮೂರು ವರ್ಷಕ್ಕೆ ಕಡಿಮೆ ಇರಬಾರದು. ಮೂರು ವರ್ಷ ಕೊಟ್ಟರೆ ಮಣ್ಣು ಉಳಿಯುತ್ತದೆ.

ಕಾನೂನು ವಿದ್ಯಾರ್ಥಿನಿ, ಮೈಸೂರು

ಅಣ್ಣ, ಮಿತಿ ಬೇಕು ಅನ್ನುವುದನ್ನು ಒಪ್ಪುತ್ತೇನೆ. ನಾನು ಯೋಚನೆ ಮಾಡಿರಲಿಲ್ಲ.

ನಾಗಮಂಗಲದ ಸೊಸೆ

ಗುತ್ತಿಗೆ ಮಾಡುವವರಿಗೆ ಮಾತ್ರ ಅಂದುಕೊಂಡಿದ್ದೀರಿ. ಸ್ವಂತ ಜಮೀನು ಇರುವ ನಮಗೂ ಇದೇ ಗತಿ.

ನಮ್ಮ ಯಜಮಾನರು ತೀರಿಕೊಂಡು ಆರು ವರ್ಷ. ಮೂರು ಎಕರೆ ಹೊಲ ಇನ್ನೂ ಮಾವನವರ ಹೆಸರಲ್ಲಿದೆ, ಅವರೂ ಇಲ್ಲ. ಉಳುವುದು, ಬಿತ್ತುವುದು, ಕುಯ್ಯುವುದು ಎಲ್ಲ ನಾನೇ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸಲು ಹೋದರೆ ವಂಶವೃಕ್ಷ ತನ್ನಿ, ಎಲ್ಲ ವಾರಸುದಾರರ ಒಪ್ಪಿಗೆ ತನ್ನಿ ಅಂದರು. ಮೈದುನ ಒಪ್ಪಿಗೆ ಕೊಡುತ್ತಿಲ್ಲ. ನಾದಿನಿಯರು ಇಬ್ಬರು, ಅವರಿಗೂ ಪಾಲು ಇದೆ, ಅದು ನ್ಯಾಯವೇ. ನಾನು ಯಾರ ಪಾಲನ್ನೂ ಕೇಳುತ್ತಿಲ್ಲ. ನನ್ನ ಮಕ್ಕಳ ಪಾಲಿಗೆ ಒಂದು ಪಹಣಿ ಆದರೆ ಸಾಕು. ಪಹಣಿ ಇಲ್ಲದೆ ರಾಗಿ ಕೊಡಲು ಆಗುವುದಿಲ್ಲ, ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಸಾಲ ಸಿಗುವುದಿಲ್ಲ. ಹೋದ ವರ್ಷ ಸಂಘದ ಸಾಲ ತೆಗೆದು ಬಿತ್ತನೆ ಮಾಡಿದೆ. ಪ್ರತಿ ವಾರ ಕಂತು. ಮಳೆ ಕೈ ಕೊಟ್ಟ ಎರಡು ತಿಂಗಳು ಮಕ್ಕಳಿಗೆ ಹಾಲು ಬಿಡಿಸಿದೆ. ಶಾಲೆಯ ಬಿಸಿಯೂಟ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ.

ಕಾನೂನು ವಿದ್ಯಾರ್ಥಿನಿ, ಮೈಸೂರು

ಅಕ್ಕ, ನಿಮಗೆ ಖಂಡಿತ ಹಕ್ಕಿದೆ. ಮಾವನವರಿಗಿಂತ ಮುಂಚೆ ಯಜಮಾನರು ತೀರಿಕೊಂಡಿದ್ದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸೊಸೆಯೂ ಮೊಮ್ಮಕ್ಕಳೂ ಮೊದಲ ಸಾಲಿನ ವಾರಸುದಾರರೇ. ನಾದಿನಿಯರ ಪಾಲಿನ ಬಗ್ಗೆ ನೀವು ಬರೆದದ್ದು ನೋಡಿ ಸಂತೋಷವಾಯಿತು. ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು.

ಇನ್ನೊಂದು. ಖಾತೆ ಬದಲಾಗದಿದ್ದರೆ ಹಕ್ಕು ಹೋಯಿತು ಅಂತಲ್ಲ. ಖಾತೆ ಕಂದಾಯದ ದಾಖಲೆ, ಒಡೆತನವನ್ನು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು. ಕೋರ್ಟು ಅಂದರೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮೈದುನರನ್ನು ಮೊದಲು ಲೋಕ ಅದಾಲತ್‌ಗೆ ಕರೆಸಿ. ಅಲ್ಲಿ ಕೋರ್ಟ್ ಫೀ ಇಲ್ಲ, ರಾಜಿ ಆದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ.

ನಾಗಮಂಗಲದ ಸೊಸೆ

ಸರಿ ಕಣಮ್ಮ. ಸೋಮವಾರ ಹೋಗುತ್ತೇನೆ. ವಂಶವೃಕ್ಷ ಕೈಲಿದೆ.

ಹಾಡಿ ಮೇಷ್ಟ್ರು

ನಾನು ಎಚ್.ಡಿ. ಕೋಟೆ ಕಡೆ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನ ಶಾಲೆಯ ಮಕ್ಕಳು ಜೇನುಕುರುಬ ಬುಡಕಟ್ಟಿನ ಜನ ಇರುವ ಹಾಡಿಯಿಂದ ಬರುತ್ತಾರೆ. ನಿಮ್ಮ ಚರ್ಚೆ ಪಹಣಿಯ ಸುತ್ತ ಇದೆ. ಪಹಣಿ ಅನ್ನುವ ಪದವೇ ಇಲ್ಲದ ಕಡೆಯ ಮಾತು ಹೇಳುತ್ತೇನೆ.

ಇವರ ಅಜ್ಜಂದಿರು ಈಗಿನ ನಾಗರಹೊಳೆ ಕಾಡಿನ ಒಳಗಿದ್ದವರು. ಗೆಣಸು ಅಗೆಯುತ್ತಿದ್ದರು, ಜೇನು ತೆಗೆಯುತ್ತಿದ್ದರು, ಹಾಡಿಯ ಪಕ್ಕ ಸ್ವಲ್ಪ ರಾಗಿ ಚೆಲ್ಲುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ, ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ. ಒಂದೊಂದಾಗಿ ಎಲ್ಲವೂ ಅಪರಾಧವಾಯಿತು. ಈಗ ಮಕ್ಕಳಿಗೆ ಊಟ ಅಂದರೆ ರೇಷನ್ ಅಕ್ಕಿ. ಗೆಣಸಿನ ಹೆಸರು ಕೇಳಿದರೆ ಅಜ್ಜಿಯರು ಏಳೆಂಟು ಬಗೆ ಹೇಳುತ್ತಾರೆ, ಮಕ್ಕಳು ನೋಡಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ಅನ್ಯಾಯವನ್ನು ಸರಿ ಮಾಡಲು ಬಂದದ್ದು. ಆ ಕಾಯ್ದೆಯ ಪೀಠಿಕೆಯಲ್ಲೇ ಚಾರಿತ್ರಿಕ ಅನ್ಯಾಯ ಎಂಬ ಮಾತಿದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುತ್ತಿದ್ದ ಜಾಗಕ್ಕೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು. ಜೊತೆಗೆ ಜೇನು, ಗೆಣಸು, ಸೀಗೆ ತರುವ ಸಮುದಾಯದ ಹಕ್ಕು. ಹಕ್ಕಿನ ವಿಚಾರಣೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಇಷ್ಟು ಚೆನ್ನಾಗಿರುವ ಕಾಯ್ದೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಗೊತ್ತಾ? ಮತ್ತೆ ಕಾಗದದಲ್ಲೇ. ನಮ್ಮ ಹಾಡಿಯ ಒಬ್ಬ ಅಜ್ಜನ ಅರ್ಜಿ ದಾಖಲೆ ಸಾಲದು ಅಂತ ವಾಪಸ್ ಬಂತು. ನಾನು ನಿಯಮದ ಪುಸ್ತಕ ತರಿಸಿ ಓದಿದೆ. 13ನೇ ನಿಯಮದಲ್ಲಿ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಅಂತಿದೆ. ಹಳೆಯ ಬಾವಿ, ಗೋರಿ, ದೇವರ ಕಲ್ಲು ಕೂಡ ಸಾಕ್ಷ್ಯ. ತಿರಸ್ಕಾರ ಮಾಡಿದರೆ ಕಾರಣವನ್ನು ಬರೆದು ಕೊಡಬೇಕು, 60 ದಿನದಲ್ಲಿ ಮೇಲ್ಮನವಿ ಹಾಕಬಹುದು. ಅಜ್ಜನಿಗೆ ಕಾರಣ ಬರೆದು ಕೊಟ್ಟಿರಲೇ ಇಲ್ಲ. ನಾವು ಮತ್ತೆ ಹಾಕಿದೆವು. ಪಕ್ಕದ ಹಾಡಿಯ ಇಬ್ಬರು ಮುದುಕಿಯರು ಬಂದು, ಈ ಅಜ್ಜನ ತಾಯಿಯನ್ನು ಮಣ್ಣು ಮಾಡಿದ ಜಾಗ ಇದು ಅಂತ ತೋರಿಸಿದರು. ಅದನ್ನು ನಾನೇ ನನ್ನ ಕೈಯಾರೆ ಬರೆದೆ. ಅರ್ಜಿ ಈಗ ಉಪವಿಭಾಗ ಮಟ್ಟದ ಸಮಿತಿಯಲ್ಲಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಕಾಡಿನ ಒಳಗೇ. ಅಲ್ಲಿ ಆದದ್ದು ನಮ್ಮ ಹಾಡಿಯಲ್ಲಿ ಯಾಕೆ ಆಗಬಾರದು?

ಕಂದಾಯ ನಿವೃತ್ತ

ಮೇಷ್ಟ್ರೇ, ನಿಮ್ಮ ಕೈಗೆ ನಮಸ್ಕಾರ.

ಗಾಂಧಿನಗರದ ಅಕ್ಕ

ನಾನು ಮೈಸೂರು ಸಿಟಿಯಲ್ಲಿ ಹೂವು ಮಾರುತ್ತೇನೆ. ಮಗ ಬೈಕ್ ಸಾಲಕ್ಕೆ ಅಂತ ಯಾರೋ ಹೇಳಿದ ಮಾತು ಕೇಳಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕಿದ. ಒಂದು ರೂಪಾಯಿ ಟ್ಯಾಕ್ಸ್ ಕಟ್ಟಿಲ್ಲ. ಆಮೇಲೆ ನಮ್ಮ ಬಿಪಿಎಲ್ ಕಾರ್ಡು ರದ್ದಾಯಿತು. ಮನೆಯಲ್ಲಿ ಐದು ಜನ. ಮೂರು ತಿಂಗಳು ಅಕ್ಕಿ ಇಲ್ಲ. ಯಾರ ಹತ್ತಿರ ಹೋಗಬೇಕು?

ಕಾನೂನು ವಿದ್ಯಾರ್ಥಿನಿ, ಮೈಸೂರು

ಅಕ್ಕ, 2024ರ ಕೊನೆಯಲ್ಲಿ ಹೀಗೇ ತುಂಬ ಜನರ ಕಾರ್ಡು ಹೋಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ಅರ್ಹರ ಕಾರ್ಡು ವಾಪಸ್ ಕೊಡುತ್ತೇವೆ ಅಂತ ಸರ್ಕಾರವೇ ಹೇಳಿತು. ರಿಟರ್ನ್ಸ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ರಿಟರ್ನ್ಸ್ ಪ್ರತಿಯಲ್ಲಿ ತೆರಿಗೆ ಸೊನ್ನೆ ಅಂತಿರುತ್ತದೆ, ಅದನ್ನು ಇಟ್ಟು ಆಹಾರ ಇಲಾಖೆಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಚೀಟಿ ತೆಗೆದುಕೊಳ್ಳಿ, ಬಾಯಿ ಮಾತಿಗೆ ವಾಪಸ್ ಬರಬೇಡಿ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಮೇಲೆ ರಾಜ್ಯ ಆಹಾರ ಆಯೋಗ. ಎರಡಕ್ಕೂ ದೂರು ಹೋಗಲಿ. ಅರ್ಜಿ ಬರೆಯಲು ನಾನು ಬರುತ್ತೇನೆ.

ಈ ಕಾಯ್ದೆಯ ಒಂದು ದೊಡ್ಡ ತೊಡಕನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಳ್ಳಿಯ ಶೇಕಡ 75, ಪಟ್ಟಣದ ಶೇಕಡ 50 ಜನರವರೆಗೆ ಧಾನ್ಯ ಕೊಡಬೇಕು ಅಂತಿದೆ. ಆದರೆ ಆ ತಲೆ ಲೆಕ್ಕ 2011ರ ಜನಗಣತಿಯದು. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಸಂಸಾರಗಳು ಎಲ್ಲಿಗೆ ಹೋಗಬೇಕು? ಒಬ್ಬರ ಕಾರ್ಡು ಕಿತ್ತರೆ ಮಾತ್ರ ಇನ್ನೊಬ್ಬರಿಗೆ ಕಾರ್ಡು ಅನ್ನುವ ಸ್ಥಿತಿ ಬಂದಿರುವುದು ಇದರಿಂದ. ಕೋರ್ಟುಗಳು ಮಾತ್ರ ಆಗಾಗ ಕೈ ಹಿಡಿದಿವೆ. 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದಿಂದಲೇ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡುವುದು ಕಡ್ಡಾಯವಾದದ್ದು. ನಾಗಮಂಗಲದ ಅಕ್ಕ ಹೇಳಿದ ಬಿಸಿಯೂಟದ ಹಿಂದೆ ಆ ಆದೇಶ ಇದೆ. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ ಹೆಚ್ಚಿಸುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ, 37ನೇ ವಿಧಿ ಇಂಥವನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲು ಆಗದು ಅನ್ನುತ್ತದೆ. ಹಾಗಾಗಿ ವಕೀಲರು 21ನೇ ವಿಧಿಯ ಬದುಕುವ ಹಕ್ಕಿನ ಮೂಲಕ ಸುತ್ತಿ ಬರಬೇಕಾಯಿತು.

ಹಸಿರು ಶಾಲು

ಸರ್ಕಾರ ಧಾನ್ಯ ಕೊಂಡು ಪಡಿತರ ಕೊಡುವುದಕ್ಕೆ ಹೊರದೇಶದ ಕಟ್ಟೂ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ. ಸರ್ಕಾರ ಬೆಂಬಲ ಬೆಲೆಗೆ ಕೊಂಡು ದಾಸ್ತಾನು ಮಾಡಿದರೆ ಅದು ಸಬ್ಸಿಡಿ ಲೆಕ್ಕ, ಬೆಳೆಯ ಮೌಲ್ಯದ ಶೇಕಡ 10 ಮೀರಬಾರದು. ಆ ಲೆಕ್ಕ ಹಾಕುವುದು 1986-88ರ ಬೆಲೆಯಿಂದ! ಆಗ ಹುಟ್ಟಿದವರಿಗೆ ಈಗ ನಲವತ್ತರ ಹತ್ತಿರ ವಯಸ್ಸು. 2013ರಲ್ಲಿ ಬಾಲಿಯಲ್ಲಿ ನಡೆದ ಆ ಸಂಸ್ಥೆಯ ಸಭೆಯಲ್ಲಿ ಸಿಕ್ಕ ತಾತ್ಕಾಲಿಕ ರಕ್ಷಣೆಯ ಮೇಲೆ ನಮ್ಮ ಪಡಿತರ ಇನ್ನೂ ನಿಂತಿದೆ. ಇದು ದೊಡ್ಡ ವಿಷಯ, ಇನ್ನೊಂದು ದಿನ ಬರೆಯುತ್ತೇನೆ.

ಗಾಂಧಿನಗರದ ಅಕ್ಕ

ನಾಳೆ ಬೆಳಿಗ್ಗೆ ಹತ್ತಕ್ಕೆ ರಿಟರ್ನ್ಸ್ ಪ್ರತಿ ತಗೊಂಡು ಬರುತ್ತೇನೆ. ಬಾರಮ್ಮ.

ಮದ್ದೂರಿನ ಮಗ

ಎಲ್ಲರಿಗೂ ಧನ್ಯವಾದ. ಹದಿನೈದು ದಿನ ಆಯಿತು ಬರೆದು. ಏನೇನಾಯಿತು ಅಂತ ಹೇಳುತ್ತೇನೆ.

ನಿವೃತ್ತ ಸರ್ ಬರೆದ 1974ರ ಮಾರ್ಚ್ 1ರ ವಿಷಯವನ್ನು ನಾನು ಯಜಮಾನರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರೂ ಒಬ್ಬ ವಕೀಲರನ್ನು ಕೇಳಿದರಂತೆ. ಕಾಗದ ಮಾಡಲು ಆಗುವುದಿಲ್ಲ, ಆದರೆ ಮೂರು ವರ್ಷ ಬಿಡಿಸುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟರು. ಊರ ದೇವಸ್ಥಾನದ ಮುಂದೆ, ನಾಲ್ಕು ಜನರ ಎದುರು. ಮುಂದಿನ ರಾಗಿಯನ್ನು ಅವರ ಐಡಿಯಲ್ಲೇ ಖರೀದಿ ಕೇಂದ್ರಕ್ಕೆ ಕೊಟ್ಟು, ಅವರ ಖಾತೆಗೆ ಬಂದ ಹಣದಲ್ಲಿ ನಮ್ಮ ಪಾಲನ್ನು ಅಪ್ಪನಿಗೆ ಹಾಕುತ್ತಾರಂತೆ. ಅವರು ಒಳ್ಳೆಯವರು, ಅದಕ್ಕೆ ಇಷ್ಟಾದರೂ ಆಯಿತು. ಎಲ್ಲ ಊರಲ್ಲೂ ಇಂಥವರು ಇರುವುದಿಲ್ಲ.

ಗುಂಪಿಗೆ ಮೂರು ಜನ ಒಪ್ಪಿದ್ದಾರೆ. ಇನ್ನೊಬ್ಬರು ಬೇಕು. ಬ್ಯಾಂಕಿನವರು ಇದನ್ನು ಮೊದಲು ಕೇಳಿಯೇ ಇಲ್ಲ ಅಂದರು. ಆಮೇಲೆ ರಿಸರ್ವ್ ಬ್ಯಾಂಕಿನ ನಿಯಮ ತೋರಿಸಿದ ಮೇಲೆ ನಾಲ್ಕು ಜನ ಆದ ಕೂಡಲೇ ಬನ್ನಿ ಅಂದಿದ್ದಾರೆ.

ಅಪ್ಪ ನಿನ್ನೆ ಸೆಣಬಿನ ಬೀಜ ತರಲು ಹೋಗಿದ್ದರು. ಹನ್ನೆರಡು ವರ್ಷದ ನಂತರ ಗದ್ದೆಗೆ ಸೆಣಬು ಹಾಕೋಣ ಅಂತ ಅವರೇ ಹೇಳಿದ್ದು. ಸಬ್ಸಿಡಿ ಬೀಜಕ್ಕೆ ಪಹಣಿ ಬೇಕು ಅಂದರಂತೆ. ಬರಿಗೈಲಿ ಬಂದರು.

ನಾಗಮಂಗಲದ ಸೊಸೆ

ಅಣ್ಣ, ನಮ್ಮ ಮನೆಯಲ್ಲಿ ಹೋದ ವರ್ಷದ ಸೆಣಬಿನ ಬೀಜ ಮಿಕ್ಕಿದೆ. ಹುಳ ಹತ್ತಿಲ್ಲ, ಬೂದಿ ಹಾಕಿ ಇಟ್ಟಿದ್ದೆ. ಹದಿನೈದು ಕೆಜಿ ಇರಬಹುದು, ಒಂದೂವರೆ ಎಕರೆಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಸೋಮವಾರ ಮತ್ತೆ ತಾಲ್ಲೂಕು ಕೋರ್ಟಿಗೆ ಹೋಗುತ್ತಿದ್ದೇನೆ, ಮೈದುನ ಬರುತ್ತೇನೆ ಅಂದಿದ್ದಾನೆ. ಬೀಜದ ಮೂಟೆ ತಂದಿರುತ್ತೇನೆ. ಅಪ್ಪನನ್ನು ಮಧ್ಯಾಹ್ನದ ಬಸ್ಸಿಗೆ ನಾಗಮಂಗಲಕ್ಕೆ ಬರಲು ಹೇಳಿ.